ಕೈಮಾತಿಗೊಂದು ಕ್ಯಾಮೆರಾ

ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದವಳು ಹುಟ್ಟಿನಿಂದ ಕಿವಿ ಕೇಳದ, ಬಾಯಲ್ಲಿ ಒಂದಕ್ಷರ ಬಾರದ ಅಮ್ಮ. ಗಂಡ ಅವಳಿಗೆ ಇಟ್ಟಿದ್ದ ಅಡ್ಡಹೆಸರು ಮಾತಿನಮಲ್ಲಿ. ಕೈ ಎತ್ತಿದಳೆಂದರೆ ಅರಳು ಹುರಿದಂತೆ ಮಾತು. ಯಾವ ಶಾಲೆಯಲ್ಲೂ ಕಲಿತ ಭಾಷೆಯಲ್ಲ ಅದು. ಚಿಕ್ಕಂದಿನಲ್ಲಿ ಅಕ್ಕನ ಜೊತೆ ಆಡಾಡುತ್ತಾ ಅರ್ಧ ಕಟ್ಟಿದ್ದು, ಮದುವೆಯಾದ ಮೇಲೆ ಗಂಡನ ಜೊತೆ ಜಗಳವಾಡುತ್ತಾ ಉಳಿದರ್ಧ ಕಟ್ಟಿದ್ದು. ಎರಡು ಬೆರಳಲ್ಲಿ ಹುಬ್ಬನ್ನು ಮೇಲಕ್ಕೆ ತಳ್ಳಿದರೆ ಅತ್ತೆ; ಆ ಅತ್ತೆ ಬದುಕಿದ್ದಷ್ಟು ಕಾಲವೂ ಸೊಸೆಯ ಅಡುಗೆಗೆ ಹುಬ್ಬೇರಿಸಿದವರು. ಗಾಳಿಯಲ್ಲಿ ಒಂದು ಚೌಕ ಬರೆದು ಅದರ ಮೇಲೆ ಊದಿದರೆ ಗಂಡ. ಅವನು ಫೋಟೋಗಳಿಗೆ ಚೌಕಟ್ಟು ಹಾಕುವ ಕೆಲಸದವನು. ಗಾಜು ಕೂರಿಸುವ ಮೊದಲು ಧೂಳು ಊದುವುದು ಅವನ ಅಭ್ಯಾಸ. ಅಕ್ಕ ತೀರಿಕೊಂಡ ಮೇಲೆ ಈ ಭಾಷೆ ಬಲ್ಲವರು ಲೋಕದಲ್ಲಿ ಮೂರೇ ಜನ: ಅವಳು, ಗಂಡ, ಮಗಳು.

ಮಗಳು ಬಸುರಿಯಾದಾಗ ಕ್ಯಾಮೆರಾದ ಮಾತು ಎದ್ದಿತು.

"ಅಪ್ಪ, ಒಂದು ಕ್ಯಾಮೆರಾ ತಗೋ. ಅಮ್ಮ ಮಾತಾಡೋದನ್ನೆಲ್ಲ ಹಿಡಿದಿಡೋಣ. ನಾಳೆ ನನ್ನ ಮಗು ನೋಡಿ ಕಲೀಲಿ. ನಾವಾದ್ಮೇಲೆ ಈ ಮಾತು ಇನ್ಯಾರಿಗೆ ಬರುತ್ತೆ ಹೇಳು?"

ಅಷ್ಟರಲ್ಲಾಗಲೇ ಅವಳು ತನ್ನ ಫೋನಿನಲ್ಲಿ ಒಂದಿಷ್ಟು ಹಿಡಿದಿದ್ದಳು. ಮಗಳು ಹುಟ್ಟಿದ ದಿನದ ಕತೆಯನ್ನು ಅಮ್ಮ ಹೇಳುತ್ತಿದ್ದಳು ಅದರಲ್ಲಿ. ಅಡುಗೆಮನೆಯ ಮಂಕು ಬೆಳಕು, ಅಮ್ಮನ ಕೈಯ ವೇಗ ಎರಡೂ ಸೇರಿ, ಬೆರಳಿರಬೇಕಾದ ಕಡೆಯೆಲ್ಲ ಹೊಗೆಯಾಡಿದಂತಿತ್ತು. ಅಪ್ಪ ಮೂಗು ಮುರಿದ. ಇಡೀ ಆಯುಷ್ಯ ಊರವರ ಫೋಟೋಗಳನ್ನು ಮೂಗಿನ ಹತ್ತಿರ ಹಿಡಿದು ನೋಡಿದವನು. ಮಸುಕಾದದ್ದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು ಅವನಿಗೆ.

"ಏನೇ ಇದು, ಕಿರುಬೆರಳು ಎಲ್ಲಿದೆ ಇದ್ರಲ್ಲಿ? ಕಿರುಬೆರಳು ಮಡಚಿದ್ರೆ ಹಸಿವು, ಚಾಚಿದ್ರೆ ಆಸೆ. ಇದನ್ನ ನೋಡಿ ಕಲಿತ ಮಗು ತೊದಲುತ್ತೆ ಅಷ್ಟೆ. ಅಳಿಸು."

"ಇರ್ಲಿ ಬಿಡಪ್ಪ."

"ತಪ್ಪು ತಪ್ಪು ಕಲಿಯೋದಕ್ಕಾ? ಅಳಿಸು ಅಂದ್ನಲ್ಲ. ನಾನು ಕ್ಯಾಮೆರಾನೇ ತರ್ತೀನಿ."

ಮಗಳು ಅಳಿಸಿದಳು. ಅಪ್ಪನ ಮಾತು ಮೀರಿ ಗೊತ್ತಿಲ್ಲದ ಹುಡುಗಿ. ಅದೊಂದು ಸಲ ಮೀರಿದ್ದರೆ ಯಾರ ಗಂಟು ಹೋಗುತ್ತಿತ್ತೋ!

ತರುತ್ತೇನೆ ಎಂದವನು ತಂದನೇ? ಅಂಗಡಿಗೇನೋ ಹೋದ. ಆ ಕ್ಯಾಮೆರಾ ಅಂಗಡಿಯವನಿಗೋ, ಇರುವುದನ್ನು ಮಾರುವುದಕ್ಕಿಂತ ಬರುವುದನ್ನು ಹೊಗಳುವುದರಲ್ಲೇ ಖುಷಿ. "ಇದು ಚೆನ್ನಾಗೇ ಇದೆ ಸಾರ್. ಆದ್ರೆ ಮುಂದಿನ ಮಾಡೆಲ್ ಬರ್ತಾ ಇದೆ ನೋಡಿ, ಹಾರೋ ನೊಣದ ರೆಕ್ಕೆನೂ ಸ್ಪಷ್ಟ ಕಾಣುತ್ತೆ ಅದ್ರಲ್ಲಿ," ಎಂದ. ಅಷ್ಟು ಸಾಕಾಯಿತು ನಮ್ಮ ಚೌಕಟ್ಟಿನವನಿಗೆ. ಬರಿಗೈಯಲ್ಲಿ ಮನೆಗೆ ಬಂದ. ಆ ಮಾಡೆಲ್ ಬರುವ ಹೊತ್ತಿಗೆ ಅದರಾಚೆಯದರ ಸುದ್ದಿ ಬಂತು: ಮಬ್ಬು ಬೆಳಕಲ್ಲೂ ಹಗಲಿನಂತೆ ಹಿಡಿಯುತ್ತದಂತೆ. ಈಗ ಕೊಂಡು ಆಮೇಲೆ ಕೈಕೈ ಹಿಸುಕಿಕೊಳ್ಳುವುದೇಕೆ ಎಂದು ಅದಕ್ಕೂ ಕಾದ.

ಹೀಗೆ ಮೀನಮೇಷ ಎಣಿಸುತ್ತಾ ಕೂತವನನ್ನು ಹೆಂಡತಿ ಸುಮ್ಮನೆ ಬಿಟ್ಟಾಳೇ? ಅವನು ಅಂಗಡಿಯಿಂದ ಬಂದಾಗಲೆಲ್ಲ ಖಾಲಿ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ, ಅದರಿಂದ ಇಲ್ಲದ ಕ್ಯಾಮೆರಾವೊಂದನ್ನು ಹುಷಾರಾಗಿ ಎತ್ತಿ, ಕಣ್ಣಿಗಿಟ್ಟು, ಅವನದೇ ಫೋಟೋ ತೆಗೆಯುತ್ತಿದ್ದಳು. ತಾಯಿ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವನೂ ನಗುತ್ತಿದ್ದ. ನಿನ್ನ ಮಾತು ಅಷ್ಟು ಚೆಂದ, ಅದಕ್ಕೇ ಅಷ್ಟು ಒಳ್ಳೆಯ ಕ್ಯಾಮೆರಾ ಬೇಕು ಎಂದು ಅವಳಿಗೆ ಕೈಯಲ್ಲೇ ಹೇಳಿದ. ಅದು ಸುಳ್ಳಾಗಿರಲಿಲ್ಲ, ಪಾಪ.

ಒಂದು ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದವಳು ಇದ್ದಕ್ಕಿದ್ದಂತೆ ಕುಸಿದಳು. ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ಜೀವವೇನೋ ವಾಪಸು ಬಂತು, ಬಲಗೈ ಬರಲಿಲ್ಲ. ಎಡಗೈ ಆಡುತ್ತಿತ್ತು, ಆದರೆ ಅದರಲ್ಲಿ ಮಾತುಗಳು ದಾರಿ ತಪ್ಪಿ ಬರುತ್ತಿದ್ದವು. ನೀರು ಬೇಕಾದಾಗ ಹುಬ್ಬು ಮುಟ್ಟಿಕೊಳ್ಳುವಳು, ಆಮೇಲೆ ತಪ್ಪಿತೆಂದು ಗೊತ್ತಾಗಿ ಅಳುವಳು. ಡಾಕ್ಟರು ಗಂಡನಿಗೆ ಧೈರ್ಯ ಹೇಳಿದರು: "ಈ ಕಾಯಿಲೇಲಿ ಎಷ್ಟೋ ಜನಕ್ಕೆ ಮಾತೇ ಹೋಗ್ಬಿಡುತ್ತೆ. ಇವ್ರಿಗೆ ಮೊದಲಿಂದನೂ ಇರ್ಲಿಲ್ವಲ್ಲ, ಆ ಚಿಂತೆ ಇಲ್ಲ." ಅವನು ಹೊರಗೆ ಬಂದು ಗೋಡೆಗೆ ಮುಖ ಮಾಡಿ ಗಳಗಳನೆ ಅತ್ತ.

ಮಗಳಿಗೆ ಹೆಣ್ಣುಮಗು ಹುಟ್ಟಿತು. ಅವನು ನೆಟ್ಟಗೆ ಅಂಗಡಿಗೆ ಹೋದ. ಮಬ್ಬು ಬೆಳಕಿನ ಮಾಡೆಲ್ ಬಂದಿತ್ತು.

"ಇನ್ನೊಂಚೂರು ತಡೆದ್ರೆ ಸಾರ್, ಇದಕ್ಕಿಂತ..."

"ಇದನ್ನೇ ಕಟ್ಟಿಕೊಡಿ."

ಮಧ್ಯಾಹ್ನ ಕಿಟಕಿಯ ಪಕ್ಕ ಹೆಂಡತಿಯನ್ನು ದಿಂಬಿಗೆ ಒರಗಿಸಿ ಕೂರಿಸಿದರು. ಮಗಳು ಕೂಸನ್ನು ಅವಳ ಮಡಿಲಲ್ಲಿ ಮಲಗಿಸಿ, ಬೀಳದಂತೆ ಹಿಡಿದುಕೊಂಡು, ಏನಾದರೂ ಹೇಳಮ್ಮ ಎಂದು ಸನ್ನೆ ಮಾಡಿದಳು. ಅವಳು ಮೊಮ್ಮಗಳನ್ನು ಕಣ್ತುಂಬ ನೋಡಿದಳು. ಆಮೇಲೆ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಮೇಲೆತ್ತಿದಳು. ಎದೆಯ ಹತ್ತಿರ ತಂದು, ಮುದುಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೂಸಿನ ಹಣೆಯವರೆಗೆ ಒಯ್ದಳು. ಕೈ ಜಾರಿತು. ಮತ್ತೆ ಮೊದಲಿನಿಂದ ಶುರುಮಾಡಿದಳು.

ಅವನು ಹಿಡಿದಿದ್ದ ಹೊಸ ಕ್ಯಾಮೆರಾದಲ್ಲಿ ಒಂದು ಬೆರಳೂ ಮಸುಕಾಗಲಿಲ್ಲ. ಉಗುರಿನ ಗೆರೆ ಕೂಡ ನಿಚ್ಚಳ. ಇಷ್ಟು ನಿಧಾನವಾಗಿ ಆಡುವ ಕೈಗೆ ಮಗಳ ಫೋನೇ ಸಾಕಾಗುತ್ತಿತ್ತು ಎಂದು ಅವನಿಗೆ ಆಗ ಹೊಳೆಯಿತು.

"ಅಪ್ಪ, ಅಮ್ಮ ಪಾಪುಗೆ ಏನ್ ಹೇಳಿದ್ಲು?"

ಅವನು ಮತ್ತೆ ಹಾಕಿ ನೋಡಿದ. ನಡುನಡುವೆ ನಿಲ್ಲಿಸಿ ನೋಡಿದ. ಹೆಂಡತಿ ದಿಂಬಿನಿಂದ ತುಸು ಮುಂದೆ ಬಾಗಿ, ತನ್ನ ಮಾತು ಮುಟ್ಟಿತೋ ಇಲ್ಲವೋ ಎಂದು ಅವನ ಮುಖವನ್ನೇ ನೋಡುತ್ತಿದ್ದಳು.

"ಗೊತ್ತಾಗ್ಲಿಲ್ಲ ಮಗಳೇ," ಎಂದ ಅವನು, ಹೆಂಡತಿಯ ಕಡೆಗೆ, ಗೊತ್ತಾಯಿತು, ಎಲ್ಲ ಗೊತ್ತಾಯಿತು ಎಂದು ತಲೆಯಾಡಿಸುತ್ತಾ.