ಬಾಣಂತನಕ್ಕೆ ತಂದ ಮರಿಗಳು

ಮುಂಬೈಯಲ್ಲಿ ಎಂಥ ಚಳಿ ಎಂದು ಊರ ಕಡೆಯವರು ನಗುತ್ತಾರೆ. ನಗಲಿ. ಧಾರಾವಿಯ ತಗಡಿನ ಕೋಣೆಯಲ್ಲಿ ಕೋಳಿಮರಿ ಸಾಕಿ ನೋಡಿದವರಿಗೆ ಡಿಸೆಂಬರ್ ಏನೆಂದು ಗೊತ್ತಾಗುತ್ತದೆ.

ರೋಷನಬಿ ಹತ್ತು ಜವಾರಿ ಮರಿಗಳನ್ನು ಬೈಕುಲ್ಲಾದಿಂದ ತಂದದ್ದು ಮಗಳು ದಿಲನಾಜಳ ಬಾಣಂತನಕ್ಕೆ. ಮಗಳಿಗೆ ಆಗ ಏಳನೆಯ ತಿಂಗಳು. ಈಗ ತಂದು ಸಾಕಿದರೆ ಹೆರಿಗೆಯಾಗಿ ನಲವತ್ತು ದಿನ ತುಂಬುವ ಹೊತ್ತಿಗೆ ಸಾರಿಗೆ ಸರಿಯಾಗುತ್ತವೆ ಎಂಬುದು ಅವಳ ಲೆಕ್ಕ. ಅವರ ಕಡೆ ಕೂಸು ಹುಟ್ಟುವ ಮೊದಲು ತೊಟ್ಟಿಲು ತರುವುದಿಲ್ಲ, ಅಂಗಿ ಹೊಲಿಸುವುದಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೋಳಿಮರಿ ತೊಟ್ಟಿಲಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಮರಿ ತಂದ ಮೂರನೆಯ ವಾರ ಕೂಸು ಹೊಟ್ಟೆಯಲ್ಲೇ ಹೋಯಿತು. ಆಸ್ಪತ್ರೆಯವರು ನೋವು ಬರಿಸಿ ಹೆರಿಗೆ ಮಾಡಿಸಿದರು. ಗಂಡು ಕೂಸು. ಅಳಿಯ ಮುಜಾಹಿದ ಹೆಂಡತಿಯನ್ನು ತವರಿಗೆ ತಂದು ಬಿಟ್ಟು, ಎರಡು ದಿನ ಇದ್ದು, ಘಾಟ್ಕೋಪರಿಗೆ ಕೆಲಸಕ್ಕೆ ಮರಳಿದ.

ದಿಲನಾಜ ಗೋಡೆಗೆ ಮುಖ ಮಾಡಿ ಮಂಚದ ಮೇಲೆ ಮಲಗಿದಳು. ಮಂಚದ ಕೆಳಗೆ ರಟ್ಟಿನ ಡಬ್ಬದಲ್ಲಿ, ಬಲ್ಬಿನ ಕಾವಿಗೆ ಒತ್ತೊತ್ತಾಗಿ ಕೂತು ಮರಿಗಳು ಚಿಂವ್‌ಗುಟ್ಟುತ್ತಿದ್ದವು. ಅವನ್ನಿಡಲು ಬೇರೆ ಜಾಗವಿರಲಿಲ್ಲ.

ರೋಷನಬಿಯ ಗಂಡ ಮುರ್ತುಜಾ ಗಾದಿ ಮಾಡುವವನು. ಮರಿಗಳು ಬೆಚ್ಚಗಿರಲೆಂದು ಹಿಂಜಿದ ಹತ್ತಿ ತಂದು ಹಾಸಿದ. ಪಿಂಜಾರನಿಗೆ ಹತ್ತಿಗಿಂತ ಒಳ್ಳೆಯ ಹಾಸಿಗೆ ಯಾವುದು ಹೊಳೆದೀತು? ಎಳೆಗಳು ಕಾಲಿಗೆ, ಕುತ್ತಿಗೆಗೆ ಸುತ್ತಿಕೊಂಡು ಮೂರು ಮರಿ ಸತ್ತವು. ರೋಷನಬಿ ಅವನ್ನು ಪೇಪರಿನಲ್ಲಿ ಸುತ್ತಿ ಹೊರಗೊಯ್ದಳು. ಬಡಗಿಯ ಹತ್ತಿರ ಮರದ ಹೊಟ್ಟು ಕೇಳಿ ತಂದು ಹಾಸಿದಳು. ಅಳು ಬರಲಿಲ್ಲ. ಮೊಮ್ಮಗನನ್ನು ಮಣ್ಣು ಮಾಡಿದ ದಿನವೂ ಬಂದಿರಲಿಲ್ಲ.

ಮಗಳು ಮಾತು ಬಿಟ್ಟಿದ್ದಳು. ಕೊಟ್ಟರೆ ಉಣ್ಣುವಳು, ಕೊಡದಿದ್ದರೆ ಕೇಳಳು. ಮೊದಲೇ ಮರಿ ತಂದ ಅವ್ವನ ಆತುರವೇ ಕೂಸನ್ನು ತಿಂದಿತು ಎಂದು ಅವಳು ಮನಸ್ಸಿನಲ್ಲಿ ಹಿಡಿದಿದ್ದಾಳೆ ಎಂದೇ ರೋಷನಬಿ ನಂಬಿದಳು. ಒಮ್ಮೆ ಬಾಯಿ ತೆರೆದು ಬೈದಿದ್ದರೆ ಸಾಕಾಗಿತ್ತು. ಮರಿಗಳನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ಎರಡು ಸಲ ಡಬ್ಬ ಎತ್ತಿದಳು. ಎರಡು ಸಲವೂ ಬಾಗಿಲಲ್ಲಿ ತಣ್ಣನೆ ಗಾಳಿ ತಾಗಿ, ತಿರುಗಿ ಒಳಗಿಟ್ಟಳು. ಬಾಣಂತನದ ಮಾತನ್ನಂತೂ ಮನೆಯಲ್ಲಿ ಯಾರೂ ಎತ್ತಲಿಲ್ಲ. ಕೂಸಿಲ್ಲದವಳಿಗೆ ಅದೆಂಥ ಬಾಣಂತನ ಎಂದು ಗಂಡ ಹೆಂಡತಿ ಇಬ್ಬರೂ ಅಂದುಕೊಂಡರು.

ಜನವರಿ ಮುಗಿಯುತ್ತ ಬಂದಾಗ ಮರಿಗಳ ತುಪ್ಪಳ ಉದುರಿ ಗರಿ ಬಂತು. ಡಬ್ಬದಿಂದ ಹಾರಿ ಕೋಣೆ ತುಂಬ ಹೊಲಸು ಮಾಡತೊಡಗಿದವು. ಒಂದು ಬೆಳಿಗ್ಗೆ ರೋಷನಬಿ ಏಳನ್ನೂ ಹೊರಗೆ ಬಾಗಿಲ ಪಕ್ಕದ ಜಾಲರಿ ಗೂಡಿಗೆ ಬಿಟ್ಟಳು. ಅವು ಮೂಲೆಯಲ್ಲಿ ಮುದುಡಿ ನಿಂತವು. ಗಾಳಿ ಬರುವ ಕಡೆಗೆ ಅವಳು ಗೋಣಿಚೀಲ ಕಟ್ಟತೊಡಗಿದಳು.

ದಿಲನಾಜ ಎದ್ದು ಬಂದು ಹೊಸ್ತಿಲಲ್ಲಿ ನಿಂತದ್ದು ಅವಳಿಗೆ ತಿಳಿಯಲಿಲ್ಲ.

“ಅವ್ವಾ, ಅವಕ್ಕ ಗಾಳಿ ಬಡೀಬಾರ್ದಂತ ಚೀಲ ಕಟ್ಟಾಕತ್ತಿ,” ಅಂದಳು. ದನಿ ಒಣಗಿತ್ತು. “ನಾನೂ ಹಡದೀನಿ. ತಿಂಗಳಾತು. ನನ್ನ ಕಿವಿಗೆ ಒಂದು ಅರಿವಿ ಕಟ್ಟಲಿಲ್ಲಲ್ಲ ನೀ.”

ರೋಷನಬಿಯ ಕೈ ಚೀಲದ ಮೇಲೇ ನಿಂತಿತು. ಹೆತ್ತವಳ ಹಸಿಮೈಗೆ ಗಾಳಿ ಸೋಕಬಾರದೆಂದು ಮೊದಲ ದಿನವೇ ತಲೆಗೆ ಅರಿವೆ ಸುತ್ತುತ್ತಾರೆ. ನೆರೆಯ ಎಷ್ಟು ಮಂದಿಗೆ ಅವಳೇ ಸುತ್ತಿದ್ದಳು. ಅವಳು ತಯಾರಾಗಿ ಕೂತಿದ್ದದ್ದು ಬೈಗುಳಕ್ಕೆ.

ಒಳಗೆ ಹೋಗಿ ಹಳೆಯ ಸೀರೆಯೊಂದನ್ನು ಹರಿದಳು. ಮಗಳನ್ನು ಮಂಚದ ಮೇಲೆ ಕೂರಿಸಿ, ಎರಡೂ ಕಿವಿ ಮುಚ್ಚುವಂತೆ ಸುತ್ತಿ, ಗದ್ದದ ಕೆಳಗೆ ಗಂಟು ಹಾಕಿದಳು. ನೋಯುತ್ತದೆಯೇ ಎಂದು ಕೇಳಿದಳು.

“ಇನ್ನಷ್ಟು ಬಿಗಿ ಕಟ್ಟು,” ಅಂದಳು ದಿಲನಾಜ.