ಎದೆಯ ಮೇಲಿನ ತಾಟು

"ಅಲುಗಾಡಬ್ಯಾಡೋ, ಹಣ್ಣು ಉರುಳ್ತಾವ," ಎನ್ನುತ್ತ ವಕೀಲ ವಾದಿರಾಜರಾಯರು ಬಾವಿಯ ಮೆಟ್ಟಿಲ ಮೇಲಿಂದ ಬಾಗಿ, ನೀರಿನಲ್ಲಿ ಅಂಗಾತ ತೇಲುತ್ತಿದ್ದ ಸಿದ್ದರಾಮಪ್ಪನ ಎದೆಯ ಮೇಲೆ ಹಿತ್ತಾಳೆಯ ತಾಟನ್ನಿಟ್ಟರು. ತಾಟಿನಲ್ಲಿ ಮಾವಿನ ಹೋಳುಗಳು. ರಸ ಅಂಚು ದಾಟಿ ಅವನ ಕಂಕುಳಿಗೆ ಇಳಿಯಿತು. ತುಟಿಯ ಮೇಲೆ ನೊಣ ಕೂತಿತು. ಓಡಿಸಲು ಕೈ ಎತ್ತುವಂತಿರಲಿಲ್ಲ. ಕಾಲನ್ನಷ್ಟೇ ಮೆಲ್ಲಗೆ ಬಡಿಯುತ್ತ, ಆಚೆ ದಂಡೆಯಲ್ಲಿ ಕೂತು ನಗುತ್ತಿದ್ದ ಬೀಗರ ಕಡೆಗೆ ಅವನು ಸಾಗಿದ.

ರಾಯಚೂರಿನ ಆ ತೋಟದಲ್ಲಿ ಇದು ಅವನ ಮೂರನೆಯ ಬೇಸಿಗೆ. ಜಾಲಹಳ್ಳಿಯ ಕುರುಬರವನು, ಕೃಷ್ಣೆ ದಾಟುವಾಗ ಹಿಂದೆ ಬರುವ ಕುರಿಗಳ ಮೇಲೆ ಕಣ್ಣಿಡಲೆಂದು ಅಂಗಾತ ಈಜುವುದನ್ನು ತಾನೇ ಕಲಿತಿದ್ದ. ಡ್ರಿಲ್ ಮಾಸ್ತರ ಸಲಾವುದ್ದೀನ್ ಅದನ್ನು ಕಂಡು, ತಿದ್ದಿ ತೀಡಿ, ನಲವತ್ಮೂರನೆಯ ಇಸವಿಯಲ್ಲಿ ಹೈದರಾಬಾದಿನ ಪಂದ್ಯಕ್ಕೆ ಕರೆದೊಯ್ದರು. ಉಳಿದವರು ದಂಡೆ ಮುಟ್ಟುವ ಹೊತ್ತಿಗೆ ಇವನು ಮೇಲೆ ಹತ್ತಿ ಕೂತಿದ್ದ. ಮರಳಿ ಬಂದಾಗ ರಾಯರೇ ಹಾರ ಹಾಕಿ, "ಮುಂಬೈ ಪಂದ್ಯಕ್ಕ ಕಳಸ್ತೀನಿ. ಅಲ್ಲೀತನಕ ನಮ್ಮ ತೋಟದಾಗಿರು, ದಿನಾ ಈಜು," ಎಂದಿದ್ದರು. ಸಲಾವುದ್ದೀನರಿಗೆ ಮಾನ್ವಿಗೆ ವರ್ಗವಾಯಿತು. ಆಮೇಲೆ ಶುರುವಾದದ್ದು ಈ ತಾಟು.

ದಾಟಿಸಿದ ಹಣ್ಣನ್ನು ಯಾರೂ ತಿನ್ನುತ್ತಿರಲಿಲ್ಲ. "ಕುರುಬನ ಮೈಮ್ಯಾಲಿಂದು, ಎಮ್ಮಿಗೆ ಹಾಕ್ರಿ," ಎನ್ನುತ್ತಿದ್ದರು ರಾಯರ ತಾಯಿ ವೆಂಕೂಬಾಯಿ. ಅದು ಅವನ ಕಿವಿಗೂ ಬೀಳುತ್ತಿತ್ತು.

ಆ ದಿನ ಕೆಲಸದ ಮೇಲೆ ರಾಯಚೂರಿಗೆ ಬಂದಿದ್ದ ಸಲಾವುದ್ದೀನ್ ಅವನನ್ನು ಹುಡುಕಿಕೊಂಡು ತೋಟಕ್ಕೂ ಬಂದರು. ಕಂಡದ್ದನ್ನು ನಂಬದವರಂತೆ ನಿಂತಿದ್ದು, ಅವನು ಈಚೆ ಬಂದ ಮೇಲೆ ಕೇಳಿದರು:

"ಏನಿದು ಸಿದ್ದಾ? ನಿನ್ನ ತಬಿಯತ್ ಸರಿ ಇಲ್ಲಂದ್ರಲ್ಲ?"

"ಯಾರಂದ್ರು ಸರ್?"

"ಹೋದ ವರ್ಷ ನಾನೇ ಮುಂಬೈಗೆ ನಿನ್ನ ಹೆಸರು ಕಳಿಸಿದ್ದೆ. ಕರೆಯೋಲೆ ಈ ಮನಿಗೇ ಬಂದಿತ್ತು. ಹುಡುಗಗ ಎದಿಬ್ಯಾನಿ ಅದ, ಈಜಂಗಿಲ್ಲಂತ ಇವರು ಜವಾಬು ಬರದಾರ."

ಸಿದ್ದರಾಮಪ್ಪ ರಾಯರ ಕಡೆ ತಿರುಗಿದ. ರಾಯರು ಕೈಗಂಟಿದ ರಸವನ್ನು ವಸ್ತ್ರಕ್ಕೆ ಒರೆಸಿಕೊಳ್ಳುತ್ತಿದ್ದರು.

"ಆವಾಗ ಮಗಳ ಲಗ್ನ ಇತ್ತಲ್ಲೋ. ಬಂದ ಮಂದಿಗೆ ಏನು ತೋರಸ್ಬೇಕಿತ್ತು? ಎರಡು ಹೊತ್ತು ಊಟಕ್ಕೇನು ಕಡಿಮಿ ಮಾಡೀನಿ? ಇಳಿ, ಇನ್ನೊಂದು ತಾಟು ಅದ."

ರಾಯರ ಬೆರಳುಗಳನ್ನು ನೋಡಿ ಅವನಿಗೆ ಹೇಸಿಗೆಯಾಯಿತು. ಮೂರು ಬೇಸಿಗೆ ಚಪ್ಪಾಳೆ ಕೇಳಿ ತಾನೂ ಹಲ್ಲು ಕಿರಿದದ್ದು ನೆನಪಾಗಿ ಅದಕ್ಕಿಂತ ಹೆಚ್ಚು ಹೇಸಿಗೆಯಾಯಿತು. ಬಾವಿಗೆ ಇಳಿದ. ತಾಟು ಎದೆಗೆ ಬಂತು. ನಟ್ಟನಡುವೆ ತಲುಪಿದಾಗ ಮಗ್ಗುಲು ಹೊರಳಿದ.

"ತಾಟೋ! ಮುಳುಗಿ ತೆಗಿಯೋ ಲೇ!" ರಾಯರು ಕೂಗುತ್ತಿದ್ದರು. ಅವನು ಆಚೆ ದಂಡೆ ಹತ್ತಿ, ಸೀರೆ ಪಂಚೆ ಸರಿಸಿಕೊಂಡ ಬೀಗರ ನಡುವೆಯೇ ನೀರು ಸುರಿಸುತ್ತ ಹೊರಗೆ ನಡೆದ. ಸಲಾವುದ್ದೀನ್ ಅವನು ಬಿಟ್ಟು ಬಂದ ಅಂಗಿ ಹಿಡಿದು ಹಿಂದೆ ಓಡಿ ಬಂದರು.

"ಬರೋ ತಿಂಗಳು ಹೈದರಾಬಾದಿನಾಗ ಪಂದ್ಯ ಅದ. ಬರ್ತೀಯಾ?"

"ಬರ್ತೀನ್ರಿ."

ಊರಿಗೆ ಹೋದ ಮರುದಿನವೇ ಈಜಲೆಂದು ಹೊಳೆಗಿಳಿದ. ಅಂಗಾತ ಮಲಗಿದೊಡನೆ ಎದೆ ಭಾರವಾಯಿತು. ಕೈ ಮೇಲೇಳಲಿಲ್ಲ, ಕಾಲು ಮಾತ್ರ, ಏನೋ ಚೆಲ್ಲೀತೆಂಬ ಹಾಗೆ, ಮೆಲ್ಲಗೆ ಬಡಿಯುತ್ತಿತ್ತು. ದಂಡೆಗೆ ಬಂದು ವಾಂತಿ ಮಾಡಿಕೊಂಡ. ನಾಲ್ಕು ದಿನವೂ ಅದೇ ಆಯಿತು.

ಶುಕ್ರವಾರ ಸಲಾವುದ್ದೀನ್ ಬಂದು ಬಂಡೆಯ ಮೇಲೆ ನಿಂತರು. "ಹೂಂ, ಅಂಗಾತ ಬೀಳು," ಎಂದರು.

ಅವನು ನೀರಿಗಿಳಿದು ಬೋರಲಾದ. ಎದೆಯನ್ನು ಒಳಗೆ ಅಡಗಿಸಿ, ಮುಖವನ್ನಷ್ಟೇ ಎತ್ತಿ, ಸೆಳವನ್ನು ಸೀಳುತ್ತ ಹೊರಟ. ಸಲಾವುದ್ದೀನ್ ಪ್ಯಾಂಟನ್ನು ಮೊಳಕಾಲತನಕ ಮಡಚಿ, ಕಾಲು ನೀರಿಗೆ ಬಿಟ್ಟು, ಅವನು ತಿರುಗಿ ಬರುವುದನ್ನು ಕಾಯುತ್ತ ಕೂತರು.