ಬುಟ್ಟಿ ಇಳಿಯುವ ಕಿಟಕಿ

ತ್ಸುಗ್ ಊರಿನ ಕೆಳಪೇಟೆಯಲ್ಲಿ ಒಟೀಲಿಯಾ ಉಟಿಂಗರಳ ಮನೆಯ ಕಿಟಕಿಯೆಂದರೆ ಗೊತ್ತಿಲ್ಲದವರಿಲ್ಲ. ಮನೆಯ ಬೆನ್ನಿಗೆ ಸರೋವರ, ಮುಂದಕ್ಕೆ ಓಣಿ. ಮೂರನೇ ಅಂತಸ್ತಿನಲ್ಲಿ ಓಣಿಯ ಕಡೆಗೆ ತೆರೆಯುವ ಆ ಕಿಟಕಿ ಇಬ್ಬರು ಭುಜಕ್ಕೆ ಭುಜ ತಾಗಿಸಿ ನಿಲ್ಲುವಷ್ಟು ಅಗಲ. ಒಬ್ಬರೇ ನಿಂತರೆ ಅರ್ಧ ಖಾಲಿಯೆನಿಸುವಷ್ಟು ಅಗಲ.

ಈಸ್ಟರಿಗೆ ಮುಂಚಿನ ನಲವತ್ತು ದಿನದ ವ್ರತ, ತಪಸ್ಸು ಕಾಲ; ಅದರ ಮೊದಲ ಭಾನುವಾರದ ಸಂಜೆ ಬಡಗಿಗಳ ಸಂಘದ ಹಾಡುಗಾರರು ಲಾಟೀನು ಹಿಡಿದು ಹಳೇಪೇಟೆಯ ಓಣಿಗಳಲ್ಲಿ ಹೊರಡುತ್ತಾರೆ. ಆ ವರ್ಷ ಮದುವೆ ನಿಶ್ಚಯವಾದ ಜೋಡಿಗಳ ಕಿಟಕಿಯ ಕೆಳಗೆ ನಿಂತು ಹಳೆಯ ಪ್ರೀತಿಯ ಹಾಡು ಹೇಳುತ್ತಾರೆ. ಹಾಡು ಮುಗಿದ ಮೇಲೆ ಜೋಡಿ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ವೈನನ್ನೂ, ಕರಿಗಡಬಿನಂಥ ಸಕ್ಕರೆ ಉದುರಿಸಿದ ಕ್ರೆಪ್ಲಿಯನ್ನೂ ಕೆಳಗಿಳಿಸಬೇಕು. ಬುಟ್ಟಿ ಖಾಲಿಯಾಗುತ್ತಲೇ ಕೆಳಗಿನವರು "ಕ್ರೆಪ್ಲಿಮೇ!" ಎಂದು ಕೂಗುತ್ತಾರೆ, ಸಾಲದು, ಇನ್ನೂ ಇಳಿಸಿ ಎಂದು. ಈಗ ಮದುವೆಯಾಗುವ ಮಕ್ಕಳೆಲ್ಲ ಇರುವುದು ರೈಲು ನಿಲ್ದಾಣದಾಚೆಯ ಗಾಜಿನ ಕಟ್ಟಡಗಳಲ್ಲಿ. ಅಲ್ಲಿನ ಕಿಟಕಿ ತೆರೆಯುವುದೇ ಇಲ್ಲ. ಹಾಗಾಗಿ ಹಳೇಪೇಟೆಯವರ ಕಿಟಕಿಯನ್ನು ಅದೊಂದು ಸಂಜೆಯ ಮಟ್ಟಿಗೆ ಕೇಳಿ ಪಡೆಯುತ್ತಾರೆ.

ಒಟೀಲಿಯಾ ಮೂವತ್ತೊಂದು ವರ್ಷದಿಂದ ತನ್ನ ಕಿಟಕಿ ಕೊಡುತ್ತ ಬಂದವಳು. ಆ ಸಂಜೆ ಕಿಟಕಿ ಬೇರೆಯವರದಾದರೂ ಕ್ರೆಪ್ಲಿ ಅವಳದೇ. ಜೋಡಿ ಕಿಟಕಿಯಲ್ಲಿ ನಗುತ್ತ ನಿಂತಾಗ ಅವಳು ಹಿಂದಿನ ಅಡುಗೆಮನೆಯಲ್ಲಿ ಎಣ್ಣೆಯ ಮುಂದೆ ನಿಂತಿರುತ್ತಿದ್ದಳು. ಅವಳಿಗೆ ಅರವತ್ತೆಂಟು. ಮದುವೆಯಾಗಲಿಲ್ಲ. ಯಾರೂ ಮೋಸ ಮಾಡಿದ್ದಲ್ಲ, ಯಾರೂ ಕಸಿದುಕೊಂಡಿದ್ದಲ್ಲ. ಬರಬೇಕಾದವನು ಬರಲಿಲ್ಲ, ಅಷ್ಟೇ. ಯಾರಾದರೂ ಕಸಿದುಕೊಂಡಿದ್ದರೆ ಅವರ ಮೇಲಾದರೂ ಸಿಟ್ಟು ಮಾಡಬಹುದಿತ್ತು. ಪಾದ್ರಿಗಳ ಪೂಜಾವಸ್ತ್ರದ ಜರಿ ಹೊಲಿಯುತ್ತ, ಭಾನುವಾರ ದೇವಾಲಯದಲ್ಲಿ ಕೀರ್ತನೆ ಹಾಡುತ್ತ ಅವಳು ದೇವರ ಜೊತೆ ಒಂದು ಒಪ್ಪಂದಕ್ಕೆ ಬಂದಿದ್ದಳು. ಪರರ ಮಕ್ಕಳು ಬಂದು ತನ್ನ ಕಿಟಕಿಯಲ್ಲಿ ನಿಂತರೆ ಅವಳಿಗೆ ಏನೂ ಅನಿಸುತ್ತಿರಲಿಲ್ಲ. ಒಳ್ಳೆಯದಾಗಲಿ ಎಂದು ಶಿಲುಬೆಯ ಗುರುತು ಮಾಡಿ ಬಾಣಲೆ ತೊಳೆಯುತ್ತಿದ್ದಳು.

ಈ ವರ್ಷ ಕಿಟಕಿ ಕೇಳಿದವಳು ಅವಳ ತಂಗಿ ಪಿಯಾ.

ಪಿಯಾ ನಲವತ್ತು ವರ್ಷದ ಹಿಂದೆ ಇದೇ ಕಿಟಕಿಯಲ್ಲಿ ನಿಂತು ಹಾಡಿಸಿಕೊಂಡು, ಮದುವೆಯಾಗಿ, ಬೆಟ್ಟದಾಚೆಯ ಲೊಕಾರ್ನೊಗೆ ಹೋದವಳು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಈಗ ಅರವತ್ತೆರಡರಲ್ಲಿ ಮತ್ತೊಬ್ಬನನ್ನು ಕರೆದುಕೊಂಡು ಶುಕ್ರವಾರದ ರೈಲಿಗೆ ಬಂದಿಳಿದಳು. ಅವನ ಹೆಸರು ರೆಮೊ. ಅಂಚೆ ಬಸ್ಸು ಓಡಿಸಿ ನಿವೃತ್ತನಾದವನು, ಎಪ್ಪತ್ತರ ಹತ್ತಿರ, ದಪ್ಪ ಹುಬ್ಬು, ಈ ಕಡೆಯ ಮಾತು ಅರ್ಧಂಬರ್ಧ.

"ಅಕ್ಕಾ, ಎಷ್ಟು ಸೊರಗಿದ್ದೀಯಾ! ಹೊಲಿಗೆ ಹೊಲಿಗೆ ಅಂತ ಕಣ್ಣು ಕಳ್ಕೋತಿದ್ದೀಯ," ಎಂದಳು ಪಿಯಾ ಬಾಗಿಲಲ್ಲೇ.

"ನೀನು ಮಾತ್ರ ಹಾಗೇ ಇದ್ದೀಯ," ಎಂದಳು ಒಟೀಲಿಯಾ. ಹೇಳಿದ್ದು ಹೊಗಳಿಕೆ. ಒಳಗೆ ಅದು ಹಾಗಿರಲಿಲ್ಲ. ಕೆಂಪು ಕೋಟು, ಕತ್ತರಿಸಿದ ಕೂದಲು, ನಲವತ್ತು ವರ್ಷ ಹಳೆಯದಾದರೂ ಸವೆಯದ ಆ ನಗು. ಆ ರಾತ್ರಿ ಅತಿಥಿ ಕೋಣೆಗೆ ಎರಡನೇ ದಿಂಬು ಇಡುವಾಗ ಒಟೀಲಿಯಾ ಅದಕ್ಕೆ ಬೇಕಾದ್ದಕ್ಕಿಂತ ಜೋರಾಗಿ ಗುದ್ದಿದಳು.

ಊಟದ ಮೇಲೆ ರೆಮೊ ಕಿತ್ತಳೆ ಸುಲಿದ. ನಾರು ಬಿಡಿಸಿ, ಬೀಜ ತೆಗೆದು, ಒಂದೊಂದೇ ತೊಳೆಯನ್ನು ಪಿಯಾಳ ತಟ್ಟೆಯ ಅಂಚಿಗೆ ಇಟ್ಟ. ಪಿಯಾ ಮಾತಾಡುತ್ತಲೇ, ನೋಡದೆ, ತೆಗೆದು ತಿನ್ನುತ್ತಿದ್ದಳು. ನೋಡದೆ! ಅದೇ ಒಟೀಲಿಯಾಳಿಗೆ ತಡೆಯಲಾಗಲಿಲ್ಲ. ಅವನು ಎರಡು ತೊಳೆ ಅವಳ ಕಡೆಗೂ ಚಾಚಿದ. "ನನಗೆ ಹುಳಿ ಆಗಲ್ಲ," ಎಂದು ಎದ್ದು ಹೋದಳು.

ಶನಿವಾರ ಊರು ತೋರಿಸುವ ನೆಪದಲ್ಲಿ ಮೂವರೂ ಹೊರಟರು. ಗಡಿಯಾರದ ಗೋಪುರದ ಕಮಾನಿನ ಕೆಳಗೆ ಹಾದಾಗ ಮೀನಿನಂಗಡಿಯವಳು ಓಡಿ ಬಂದು ಪಿಯಾಳನ್ನು ತಬ್ಬಿಕೊಂಡಳು. "ಅಯ್ಯೋ ಪಿಯಾ! ಎರಡನೇ ಸಲವಾ? ನಮಗೊಂದು ಸಲವೇ ಸಾಕುಸಾಕಾಯ್ತಲ್ಲೇ!" ಎಂದು ನಕ್ಕಳು. ದಿನಾ ಅದೇ ಅಂಗಡಿಯಲ್ಲಿ ಮೀನು ಕೊಳ್ಳುವ ಒಟೀಲಿಯಾಳಿಗೆ ತಲೆಯಾಡಿಸಿದಳಷ್ಟೆ. ಚೀಲ ಹಿಡಿದು ಹಿಂದೆ ನಿಂತಿದ್ದವಳಿಗೆ ತಾನು ಅವರಿಬ್ಬರ ಸಾಮಾನು ಹೊರಲು ಬಂದವಳೇನೋ ಎನಿಸಿತು.

ಸರೋವರದ ಕಟ್ಟೆಯ ಮೇಲೆ ಕೂತಾಗ ನೀರು ಬೂದುಬಣ್ಣಕ್ಕೆ ತಿರುಗಿತ್ತು. ರಿಗಿ ಬೆಟ್ಟದ ನೆತ್ತಿಯಲ್ಲಿ ಇನ್ನೂ ಹಿಮ. ಪಿಯಾ ಒಂದು ಮೆಟ್ಟಿಲು ತೋರಿಸಿ ರೆಮೊನಿಗೆ ಹೇಳತೊಡಗಿದಳು.

"ಇಲ್ನೋಡು, ಇದೇ ಮೆಟ್ಟಿಲು. ಐದು ವರ್ಷ ಆಗ. ಬಾತುಕೋಳಿಗೆ ಬ್ರೆಡ್ಡು ಹಾಕೋಕೆ ಹೋಗಿ ದಬಕ್ ಅಂತ ಬಿದ್ದೆ. ಅಪ್ಪ ಚಪ್ಪಲಿ ಸಮೇತ ನೀರಿಗೆ ಹಾರಿ ಜಡೆ ಹಿಡಿದು ಎಳೆದ್ರು. ಮನೆಗೆ ಬರೋವರೆಗೂ ಕೋಟಿನೊಳಗೆ ಸುತ್ಕೊಂಡು, 'ನನ್ನ ಮೀನು, ನನ್ನ ಪುಟ್ಟ ಮೀನು' ಅಂತಿದ್ರು."

ಒಟೀಲಿಯಾ ನೀರನ್ನೇ ನೋಡುತ್ತಿದ್ದಳು. ಬಿದ್ದವಳು ಅವಳು. ಜಡೆ ಅವಳದು. ಪಿಯಾ ಆಗ ಹುಟ್ಟಿಯೇ ಇರಲಿಲ್ಲ. ಅಪ್ಪನ ಕೋಟಿನ ತಂಬಾಕಿನ ವಾಸನೆ ಅರವತ್ತಮೂರು ವರ್ಷದಿಂದ ಅವಳ ಮೂಗಿನಲ್ಲಿತ್ತು. ಬದುಕಿನಲ್ಲಿ ಒಬ್ಬರು ತನಗಾಗಿ ಯೋಚಿಸದೆ ನೀರಿಗೆ ಹಾರಿದ್ದು ಅದೊಂದೇ ಸಲ. ಅದನ್ನೂ ಇವಳು ಎತ್ತಿಕೊಂಡಳಲ್ಲ!

"ಪಾಪ, ನನ್ನ ಮೀನು," ಎಂದ ರೆಮೊ, ಪಿಯಾಳ ಕೈ ಹಿಡಿದು.

ಬಿದ್ದವಳು ತಾನೆಂದು ಒಟೀಲಿಯಾ ಆಗಲೇ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಹೊಟ್ಟೆಯೊಳಗೆ ಇಟ್ಟುಕೊಂಡು ಮನೆಗೆ ತಂದಳು.

ಭಾನುವಾರದ ಪೂಜೆಯಲ್ಲಿ ಮರುಭೂಮಿಯಲ್ಲಿ ಸ್ವಾಮಿಯನ್ನು ಸೈತಾನ ಪರೀಕ್ಷಿಸಿದ ಭಾಗ ಓದಿದರು. ಒಟೀಲಿಯಾ ತಲೆತಗ್ಗಿಸಿ ಕೇಳಿದಳು. ಸ್ವಾಮಿಯನ್ನು ಎತ್ತರದ ಗೋಪುರಕ್ಕೆ ಕರೆದೊಯ್ದನಂತೆ. ಅವಳಿಗೆ ಅಷ್ಟೆಲ್ಲ ಬೇಕಾಗಲಿಲ್ಲ. ಅವಳ ಪರೀಕ್ಷೆ ದೇವಾಲಯದ ಬಾಗಿಲಲ್ಲೇ, ಬಡಗಿ ಸಂಘದ ಯಜಮಾನ ಬೇನಿಯ ಕೈಯ ಚೀಟಿಯ ರೂಪದಲ್ಲಿ ಕಾದಿತ್ತು. ಯಾರ ಕಿಟಕಿಯಲ್ಲಿ ಯಾವ ಜೋಡಿ ಎಂಬುದನ್ನು ಮನೆಯವರೇ ಅವನಿಗೆ ಹೇಳಿ ಬರೆಸಬೇಕು. ಚೀಟಿಯಲ್ಲಿಲ್ಲದ ಮನೆಯ ಮುಂದೆ ಹಾಡುಗಾರರು ನಿಲ್ಲುವುದಿಲ್ಲ, ಆ ಕಡೆ ಕಾಲಿಡುವುದೂ ಇಲ್ಲ.

"ಒಟೀಲಿಯಮ್ಮ, ನಿಮ್ಮ ಕ್ರೆಪ್ಲಿ ನೆನೆಸ್ಕೊಂಡೇ ನಮ್ಮ ಹುಡುಗರು ಗಂಟಲು ಸರಿಮಾಡ್ಕೊಂಡಿದ್ದಾರೆ. ಈ ಸಲ ಯಾರು?"

"ಈ ಸಲ ಯಾರೂ ಇಲ್ಲ, ಬೇನಿ."

"ಅರೆ! ನಿಮ್ಮ ತಂಗಿ ಬಂದಿದ್ದಾರೆ ಅಂದ್ರಲ್ಲ ಯಾರೋ?"

"ಬಂದಿದ್ದಾಳೆ, ನನ್ನ ನೋಡೋಕೆ. ನಾಳೆ ಹೊರಡ್ತಾಳೆ."

ಕೊನೆಯ ಎರಡು ಮಾತೂ ನಿಜವೇ. ನಿಜವನ್ನೇ ಜೋಡಿಸಿ ಹೇಳಿದ ಸುಳ್ಳು. ಬೇನಿ ಅವಳ ಹೆಸರಿನ ಮೇಲೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದ. ಪವಿತ್ರ ಜಲದ ಬಟ್ಟಲಿಗೆ ಬೆರಳು ಅದ್ದಲು ಹೋದವಳು ಅದ್ದದೆ ಕೈ ಹಿಂದಕ್ಕೆ ತೆಗೆದುಕೊಂಡಳು.

ಮಧ್ಯಾಹ್ನ ಕ್ರೆಪ್ಲಿ ಕರಿದಳು. ಯಾಕೆಂದರೆ ಆ ದಿನ ಕ್ರೆಪ್ಲಿ ಕರಿಯುವುದು ಬಿಟ್ಟು ಬೇರೇನು ಮಾಡುವುದೆಂದು ಅವಳ ಕೈಗೆ ಗೊತ್ತಿರಲಿಲ್ಲ. ಪಿಯಾ ಕೋಣೆಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ರೆಮೊ ಮೆಟ್ಟಿಲ ಬಳಿ ಬುಟ್ಟಿಗೆ ಆಲೂಗಡ್ಡೆ ತುಂಬಿ, ಹಗ್ಗ ಹಿಡಿದು ಕೆಳಗಿಳಿಸಿ ಮೇಲೆಳೆದು ಅಭ್ಯಾಸ ಮಾಡುತ್ತಿದ್ದ. ಎರಡು ಸಲ ಆಲೂಗಡ್ಡೆ ಉರುಳಿಕೊಂಡು ಬೀದಿಬಾಗಿಲವರೆಗೂ ಹೋಯಿತು. ಕೊನೆಗೆ ಬೆವರೊರೆಸುತ್ತ ಅಡುಗೆಮನೆಗೆ ಬಂದ.

"ಸಿಞೋರಾ ಒಟೀಲಿಯಾ, ನನ್ನ ಕೈ ನಡುಗ್ತದೆ. ವೈನು ಚೆಲ್ಲಿದ್ರೆ ಅವರು ಬೈತಾರಾ?"

"ಬೈಯಲ್ಲ. ಇನ್ನೊಂದು ಕೇಳ್ತಾರೆ."

"ನನ್ನ ಮೊದಲ ಮದುವೆ ಕಚೇರೀಲಿ ಆಗಿದ್ದು. ಹತ್ತು ನಿಮಿಷ. ಹೊರಗೆ ಬಸ್ಸು ನಿಲ್ಸಿದ್ದೆ, ಹೊತ್ತಾಗ್ತಿತ್ತು." ಅವನು ನಕ್ಕ. "ಅವಳೂ ಬಿಟ್ಟು ಹೋದಳು, ಬಸ್ಸಿಗಿಂತ ಬೇಗ. ಎಪ್ಪತ್ತು ವರ್ಷ ನೋಡಿ. ನನಗೋಸ್ಕರ ಅಂತ ಒಬ್ಬರೂ ಹಾಡಿಲ್ಲ. ಪಿಯಾ ಹೇಳಿದಾಗಿಂದ ನಿದ್ದೆ ಇಲ್ಲ."

ಒಟೀಲಿಯಾಳ ಕೈಯ ಜಾಲರಿ ಎಣ್ಣೆಯ ಮೇಲೆ ನಿಂತುಬಿಟ್ಟಿತು. ಆ ಹೊತ್ತಿಗೆ ಓಡಿಹೋಗಿ ಬೇನಿಗೆ ಹೇಳಬಹುದಿತ್ತು. ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಕೋಣೆಯಿಂದ ಪಿಯಾ ಕೂಗಿದಳು: "ರೆಮೊ, ನನ್ನ ಗುಂಡಿ ಹಾಕಿಕೊಡು ಬಾ!" ಅವನು ಎಲ್ಲ ಬಿಟ್ಟು ಓಡಿದ. ಒಟೀಲಿಯಾ ಬಾಯಿ ಮುಚ್ಚಿಕೊಂಡಳು. ಬಾಣಲೆಯಲ್ಲಿ ನಾಲ್ಕು ಕ್ರೆಪ್ಲಿ ಸೀದುಹೋದವು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ.

ಸಂಜೆ ಗಡಿಯಾರದ ಗೋಪುರ ಏಳು ಹೊಡೆಯಿತು. ಪಿಯಾ, ರೆಮೊ ಕಿಟಕಿಯಲ್ಲಿ ನಿಂತರು. ಮೇಲುಪೇಟೆಯಲ್ಲಿ ಹಾಡು ಎದ್ದಿತು, ನಿಂತಿತು, ಮತ್ತೆ ಎದ್ದಿತು. ಮೆಲ್ಲಗೆ ಹತ್ತಿರವಾಯಿತು. ಓಣಿಯ ತಿರುವಿನಲ್ಲಿರುವ ಮಾತೆಯ ಗುಡಿಯ ಗೋಡೆಯ ಮೇಲೆ ಲಾಟೀನಿನ ಬೆಳಕು ಆಡಿತು.

"ಬಂದ್ರು, ಬಂದ್ರು! ಅಕ್ಕಾ, ಬುಟ್ಟಿ!" ಎಂದಳು ಪಿಯಾ.

ರೆಮೊ ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡ. ಟೊಪ್ಪಿಗೆ ತೆಗೆದ. ಬೆಳಕು ಗುಡಿಯ ಮೂಲೆಯವರೆಗೆ ಬಂದು, ಅಲ್ಲಿಂದ ಬಲಕ್ಕೆ ತಿರುಗಿ ಮೆಟ್ಟಿಲು ಹತ್ತಿತು. ಹಾಡಿನ ಸದ್ದು ಗೋಡೆಗಳ ಹಿಂದೆ ಸಣ್ಣದಾಗುತ್ತ ಹೋಯಿತು.

"ತಿರುಗಿ ಬರ್ತಾರೆ ಬಿಡು," ಎಂದಳು ಪಿಯಾ.

ಬರಲಿಲ್ಲ. ಓಣಿಯಲ್ಲಿ ಗಾಳಿ ಮಾತ್ರ. ರೆಮೊ ಹಗ್ಗ ಬಿಚ್ಚಲಿಲ್ಲ. ಟೊಪ್ಪಿಗೆ ಹಾಕಿಕೊಳ್ಳಲೂ ಇಲ್ಲ. "ಮುದುಕರಿಗೆ ಇಲ್ಲವೇನೋ," ಎಂದ ಮೆತ್ತಗೆ, ಯಾರ ಮೇಲೂ ದೂರಿಲ್ಲದ ದನಿಯಲ್ಲಿ. ಪಿಯಾ ನಗಲು ನೋಡಿದಳು. ಆ ನಗು ಈ ಸಲ ಬರಲಿಲ್ಲ.

ಒಟೀಲಿಯಾ ಬಾಗಿಲ ಬಳಿ ನಿಂತು ಅದನ್ನು ಕಂಡಳು. ಎರಡು ದಿನದಿಂದ ಬಯಸಿದ್ದು ಇದೇ ತಾನೆ. ತಂಗಿಯ ಮುಖದ ಆ ನಗು ಒಮ್ಮೆ ಆರಬೇಕು, ಕಾದು ಸಿಗದಿರುವುದೆಂದರೇನೆಂದು ಇವಳಿಗೂ ಗೊತ್ತಾಗಬೇಕು. ಈಗ ಆರಿತ್ತು. ಅವಳ ಹೊಟ್ಟೆ ತಣ್ಣಗಾಗಲಿಲ್ಲ. ಶಾಲು ಎಳೆದುಕೊಂಡು, "ಕೆಳಗೆ ನೋಡ್ಕೊಂಡು ಬರ್ತೀನಿ," ಎಂದು ಇಳಿದಳು.

ಬೇನಿಯ ಹಿಂದೆ ಓಡಬೇಕೆಂದೇ ಹೊರಟದ್ದು. ಆದರೆ ಹಾಡು ಆಗಲೇ ದೂರ ಹೋಗಿತ್ತು, ಅವಳ ಮೊಣಕಾಲಿಗೆ ಆ ಏರು ಆಗದು. ಓಣಿಯ ನಡುವೆ ನಿಂತು ತಲೆಯೆತ್ತಿದಳು. ಆ ಸಂಜೆ ತನ್ನ ಕಿಟಕಿ ಕೆಳಗಿನಿಂದ ಹೇಗೆ ಕಾಣುತ್ತದೆಂದು ಅವಳು ಯಾವತ್ತೂ ನೋಡಿರಲಿಲ್ಲ. ಹಳದಿ ಬೆಳಕಿನಲ್ಲಿ ಎರಡು ನರೆತ ತಲೆಗಳು, ನಡುವೆ ಒಂದು ಬುಟ್ಟಿ. ಎಷ್ಟು ಚಿಕ್ಕದಾಗಿ ಕಾಣುತ್ತಿದ್ದರು ಇಬ್ಬರೂ!

ಕೀರ್ತನೆಯನ್ನಲ್ಲದೆ ಬೇರೇನೂ ಹಾಡದ ಗಂಟಲು ಅದು. ಅಡುಗೆಮನೆಯಿಂದ ಕೇಳಿ ಕೇಳಿ ಆ ಹಾಡುಗಳ ಒಂದೊಂದು ಸಾಲೂ ಬಾಯಿಗೆ ಬರುತ್ತಿತ್ತು. ಕೈ ಜೋಡಿಸಿಕೊಂಡು, ದೇವಾಲಯದಲ್ಲಿ ನಿಲ್ಲುವ ಹಾಗೇ ನಿಂತು, ಶುರುಮಾಡಿದಳು.

ಎದುರುಮನೆಯ ಕಿಟಕಿ ತೆರೆಯಿತು. ಎಂಬತ್ತು ದಾಟಿದ ಶ್ಪೆಕ್ ಅಜ್ಜಿ ತಲೆ ಹೊರಗೆ ಹಾಕಿದಳು. "ಓಟಿ? ಏನೇ, ತಪಸ್ಸು ಕಾಲದಲ್ಲಿ ಕುಡಿದಿದ್ದೀಯೇನೇ?"

ಒಟೀಲಿಯಾ ನಿಲ್ಲಿಸಲಿಲ್ಲ. ಅಜ್ಜಿ ಒಂದು ಗಳಿಗೆ ಕೇಳಿದಳು. "ಶ್ರುತಿ ಮೇಲಾಯ್ತು ಕಣೇ," ಎಂದು ಗೊಣಗಿ, ಎರಡನೇ ಚರಣಕ್ಕೆ ತಾನೂ ದನಿಗೂಡಿಸಿದಳು.

ಮೂರು ಹಾಡು ಮುಗಿದವು. ಮೇಲೆ ಪಿಯಾ ಬಾಯಿಗೆ ಕೈ ಇಟ್ಟುಕೊಂಡಿದ್ದಳು. ಒಟೀಲಿಯಾ ಉಸಿರು ತಿರುಗಿಸಿಕೊಂಡು ಕೂಗಿ ಹೇಳಿದಳು.

"ಬೇನಿಗೆ ಬೇಡ ಅಂದಿದ್ದು ನಾನು! ಯಾರೂ ಇಲ್ಲ ಅಂತ ಬರೆಸಿದ್ದು ನಾನೇ!"

ಶ್ಪೆಕ್ ಅಜ್ಜಿ ಕಿಟಕಿ ಮುಚ್ಚಲು ಹೊರಟವಳು ಮುಚ್ಚಲಿಲ್ಲ.

"ಮತ್ತೆ ಕೇಳು, ಪಿಯಾ! ಕೆರೆಗೆ ಬಿದ್ದಿದ್ದು ನಾನು! ನೀನಲ್ಲ!"

ಪಿಯಾ ಕಿಟಕಿಯಿಂದ ಬಾಗಿದಳು. "ಗೊತ್ತು ಕಣೇ!" ಅವಳ ದನಿ ಒಡೆದಿತ್ತು. "ಅಪ್ಪ ನನ್ನನ್ನ ಯಾವತ್ತು ಮೀನು ಅಂದಿದ್ರು? ಸಾಯೋ ತನಕ ಆ ಕಥೇನೇ ಹೇಳ್ತಿದ್ರು, ಬಂದವರಿಗೆಲ್ಲ. ಓಟಿ ಬಿದ್ದಳು, ಓಟಿಯ ಜಡೆ, ಓಟಿ, ಓಟಿ. ನಾನೂ ಒಂದ್ಸಲ ಬೀಳೋಣ ಅಂತ ಆ ಮೆಟ್ಟಿಲ ಮೇಲೆ ಎಷ್ಟು ದಿನ ನಿಂತಿದ್ದೀನಿ ಗೊತ್ತಾ? ಧೈರ್ಯ ಬರ್ಲಿಲ್ಲ. ಅದಕ್ಕೇ ಕದ್ದೆ!"

ಒಟೀಲಿಯಾ ಓಣಿಯ ಕಲ್ಲುಹಾಸಿನ ಮೇಲೆ ನಿಂತೇ ಇದ್ದಳು. ತನ್ನದೆಂಬುದು ಏನೂ ಇಲ್ಲವೆಂದುಕೊಂಡಿದ್ದವಳ ಮನೆಯಲ್ಲಿ ಕಳ್ಳತನವಾಗಿತ್ತಂತೆ. ಕದಿಯುವಂಥದ್ದು ಇತ್ತಂತೆ.

"ಸಿಞೋರಾ," ರೆಮೊ ಕೇಳಿದ, "ಈಗ ಇಳಿಸಲಾ?"

"ಇಳಿಸು. ಮೆಲ್ಲಗೆ. ಗೋಡೆಗೆ ತಾಗಿಸಬೇಡ."

ಬುಟ್ಟಿ ಓಲಾಡುತ್ತ ಇಳಿಯಿತು. ಎರಡನೇ ಅಂತಸ್ತಿನಲ್ಲಿ ಗೋಡೆಗೆ ಬಡಿದು ವೈನು ಅರ್ಧ ಚೆಲ್ಲಿತು. ಅವಳು ತೋಳು ಚಾಚಿ ಹಿಡಿದುಕೊಂಡಳು. ಕ್ರೆಪ್ಲಿ ಆರಿತ್ತು, ಒಂದು ಬದಿ ವೈನಿನಲ್ಲಿ ನೆನೆದಿತ್ತು. ಸಕ್ಕರೆ ಶಾಲಿನ ಮೇಲೆಲ್ಲ ಉದುರಿತು. ಮೂವತ್ತೊಂದು ವರ್ಷ ಕರಿದವಳು ಬುಟ್ಟಿಯಿಂದ ಎತ್ತಿ ತಿಂದದ್ದು ಇದೇ ಮೊದಲು. ತಿನ್ನುತ್ತ ಮತ್ತೆ ತಲೆಯೆತ್ತಿದಳು. ರೆಮೊ ಪಿಯಾಳ ಕಣ್ಣೊರೆಸುತ್ತಿದ್ದ. ಒಳಗೆ ಆ ಹಳೆಯ ಮುಳ್ಳು ಮತ್ತೊಮ್ಮೆ ಚುಚ್ಚಿತು. ಹೋಗಿರಲಿಲ್ಲ. ನಾಳೆ ಪಾಪನಿವೇದನೆಗೆ ಹೋಗಬೇಕು, ಪಾದ್ರಿಗೆ ಎಲ್ಲ ಹೇಳಬೇಕು, ಇದನ್ನೂ ಸೇರಿಸಿ.

ಒಂದನ್ನು ಶ್ಪೆಕ್ ಅಜ್ಜಿಗೆಂದು ಶಾಲಿನ ತುದಿಯಲ್ಲಿ ಕಟ್ಟಿಕೊಂಡಳು. ಖಾಲಿ ಬುಟ್ಟಿಯ ಹಗ್ಗ ಎರಡು ಸಲ ಜಗ್ಗಿದಳು.

"ಕ್ರೆಪ್ಲಿಮೇ!" ಎಂದು ಕೂಗಿದಳು, ಓಣಿಯೆಲ್ಲ ಕೇಳುವ ಹಾಗೆ.